ತುತ್ತೂರಿಯ ಮೇಷ್ಟರು ಮತ್ತು ನಮ್ಮ ಕಣಿವೆಯ ಮಕ್ಕಳು

ಸಂಘಗಳ ಸ್ಮರಣ ಸಂಚಿಕೆಗಳನ್ನು ವರ್ಷವರ್ಷವೂ ಓದುತ್ತ ಬಂದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮಕ್ಕಳಿಗೆಂದು ಅವುಗಳಲ್ಲಿ ಕೆಲವು ಪುಟಗಳು ಮೀಸಲಾಗಿರುತ್ತವೆ. ಆ ಪುಟಗಳಲ್ಲಿ ಕನ್ನಡಮ್ಮನ ಸ್ತುತಿ, ನಾಡುನುಡಿಯ ಹೆಮ್ಮೆ, ಕನ್ನಡ ಕಲಿಯಿರೆಂಬ ಕರೆ, ಎಲ್ಲವೂ ಇರುತ್ತವೆ. ಇಲ್ಲದಿರುವುದು ಮಗುವಿನ ಮಾತು. ಇಂಥ ಪದ್ಯಗಳನ್ನು ಬರೆದವರಲ್ಲಿ ನಾವೂ ಇದ್ದೇವೆ. ಆದುದರಿಂದ ಈ ಆಕ್ಷೇಪಣೆ ಮೊದಲು ನಮಗೇ ಸಲ್ಲತಕ್ಕದ್ದು. ಅಕ್ಷರ ಕಲಿಸುವ ಕೆಲಸದಿಂದಲೇ ಒಳ್ಳೆಯ ಬರವಣಿಗೆ ಹುಟ್ಟಿದ ಉದಾಹರಣೆಗಳು ನಮ್ಮ ಸಾಹಿತ್ಯದಲ್ಲಿವೆ. ಅವು ಹುಟ್ಟಿದ ಬಗೆಯನ್ನು ನೋಡಿ, ನಮ್ಮ ಕಣಿವೆಯ ಮಕ್ಕಳಿಗೆ ಅದರಿಂದ ಏನು ದೊರಕೀತೆಂದು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಕಂಬಂ ಕಣಿವೆಯಲ್ಲಿಯೂ ಥೇಣಿ, ಬೋಡಿನಾಯಕನೂರುಗಳ ಸುತ್ತಲೂ ದಿಂಡಿಗಲ್ ಸೀಮೆಯಲ್ಲಿಯೂ ಕನ್ನಡ ಮನೆಮಾತಾದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ತಮಿಳರು ಕಾಪ್ಪಿಲಿಯರೆಂದು ಕರೆಯುವ ಒಕ್ಕಲಿಗರು, ಅನುಪ್ಪರು, ದೇವಾಂಗ ನೇಕಾರರಲ್ಲಿ ಹಲವರು ಇವರಲ್ಲಿ ಸೇರಿದ್ದಾರೆ. ಪೆರಿಯಾರ್ ನೀರು ಹರಿಯುವ ಗದ್ದೆಗಳಲ್ಲಿ, ದ್ರಾಕ್ಷಿಯ ಚಪ್ಪರಗಳ ಕೆಳಗೆ, ಮಗ್ಗದ ಮನೆಗಳಲ್ಲಿ ಕನ್ನಡದ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಆದರೆ ಅದು ಬಾಯಿಂದ ಬಾಯಿಗೆ ಬಂದದ್ದೇ ಹೊರತು ಬರವಣಿಗೆಗೆ ಬಂದದ್ದು ಬಲು ಕಡಿಮೆ. ಮಕ್ಕಳು ಓದುವುದು ತಮಿಳು ಇಲ್ಲವೆ ಇಂಗ್ಲಿಷ್ ಮಾಧ್ಯಮದಲ್ಲಿ. 2006ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ಶಾಲೆಗಳಲ್ಲಿ ತಮಿಳು ಕಡ್ಡಾಯ ವಿಷಯವಾಗಿದೆ. ಈ ನಾಡಿನಲ್ಲಿ ಬಾಳುವವರು ಈ ನಾಡಿನ ಭಾಷೆಯನ್ನು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಇದರ ಫಲವಾಗಿ, ಕನ್ನಡದ ಅಕ್ಷರ ಕಲಿಯಲು ಭಾನುವಾರ ಬಂದು ಕೂರುವ ಮಗು ಬರಿಯ ಹಾಳೆಯಂತೆ ಬಂದಿರುವುದಿಲ್ಲ. ತಮಿಳಿನ ಲಿಪಿ ಅದರ ಕೈಯಲ್ಲಿಯೂ ಕನ್ನಡದ ಮಾತು ಅದರ ಬಾಯಲ್ಲಿಯೂ ಈಗಾಗಲೇ ಇರುತ್ತವೆ.

ಇಂಥ ಮಗುವಿನ ತಪ್ಪುಗಳನ್ನು ನೋಡಬೇಕು. 'ಗಾಳಿ' ಎಂದು ಹೇಳಿಕೊಟ್ಟರೆ 'ಕಾಳಿ' ಎಂದು ಬರೆಯುತ್ತದೆ. 'ಬಾಳೆ' ಎಂಬುದು 'ಪಾಳೆ' ಆಗುತ್ತದೆ. 'ಅಪ್ಪ' ಎಂಬಲ್ಲಿ ಒತ್ತಕ್ಷರವನ್ನು ಕೆಳಗೆ ಇಳಿಸದೆ ಎರಡು ಪಕಾರಗಳನ್ನು ಪಕ್ಕಪಕ್ಕದಲ್ಲಿ ಕೂರಿಸುತ್ತದೆ. ಮೊದಮೊದಲು ನಾವು ಇವನ್ನು ಅಲಕ್ಷ್ಯದ ತಪ್ಪುಗಳೆಂದು ತಿಳಿದು ಕೆಂಪು ಶಾಯಿಯಲ್ಲಿ ತಿದ್ದಿದೆವು. ಒಂದೆರಡು ಸಲ ನಕ್ಕದ್ದೂ ಉಂಟು. ಕಾರಣ ಹೊಳೆದದ್ದು ತಡವಾಗಿ. ಕನ್ನಡದ ಕವರ್ಗದಲ್ಲಿ ಐದು ಅಕ್ಷರಗಳಿವೆ. ತಮಿಳಿನಲ್ಲಿ ಅದೇ ವರ್ಗಕ್ಕೆ ಎರಡು. ಕಕಾರವನ್ನೂ ಗಕಾರವನ್ನೂ ಒಂದೇ ಅಕ್ಷರದಿಂದ ಬರೆದು, ಉಚ್ಚಾರಣೆಯನ್ನು ಸಂದರ್ಭಕ್ಕೆ ಬಿಡುವುದು ತಮಿಳಿನ ಕ್ರಮ. ದ್ವಿತ್ವ ಬಂದಾಗ ಮೊದಲ ವ್ಯಂಜನದ ಮೇಲೆ ಚುಕ್ಕಿಯಿಟ್ಟು ಎರಡನೆಯದನ್ನು ಪಕ್ಕದಲ್ಲಿಯೇ ಬರೆಯುತ್ತಾರೆ. ಮಗು ತಪ್ಪು ಮಾಡಿರಲಿಲ್ಲ. ತಾನು ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸಿತ್ತು. ಇದನ್ನು ಅರಿತ ದಿನವೇ ಅಧ್ಯಾಪಕನ ಬೆಳವಣಿಗೆ ಆರಂಭವಾಗುತ್ತದೆ. ಅಲ್ಲಿಯವರೆಗೆ ಅವನು ಅಕ್ಷರವನ್ನು ನೋಡುತ್ತಿದ್ದ. ಈಗ ಮಗುವಿನ ಮಾತನ್ನು ಕೇಳತೊಡಗುತ್ತಾನೆ.

ಆಧುನಿಕ ಕನ್ನಡದ ಶಿಶುಸಾಹಿತ್ಯ ಇಂಥ ಕಿವಿಯಿಂದಲೇ ಹುಟ್ಟಿತು. ಪಂಜೆ ಮಂಗೇಶರಾಯರು (1874–1937) ಅಧ್ಯಾಪಕರಾಗಿದ್ದರು, ಶಾಲಾ ತನಿಖಾಧಿಕಾರಿಯಾಗಿದ್ದರು, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಅವರ ಮನೆಮಾತು ಕೊಂಕಣಿ. ಸುತ್ತಲಿನ ಮಾತು ತುಳು. ಅವರು ಬರೆದದ್ದು ಕನ್ನಡದಲ್ಲಿ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆಯನ್ನು ಬಳಸುವ ಮಕ್ಕಳ ಕಷ್ಟವನ್ನು ಅವರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ ಈ ಹಿರಿಯರು 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಬರೆದರು. ಅವರ ಹಾವಿನ ಹಾಡಿನಲ್ಲಿ ಮಗು ಹಾವಿನೊಡನೆ ನೇರವಾಗಿ ಮಾತಿಗಿಳಿಯುತ್ತದೆ. ಅಧ್ಯಾಪಕರು ನಡುವೆ ಬಂದು ವಿವರಿಸುವುದಿಲ್ಲ. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಮನೆಮಾತು ತುಳು. ಪೆರಡಾಲದ ಶಾಲೆಯಲ್ಲಿ ಪಾಠ ಹೇಳುತ್ತಲೇ ಅವರು ಕವಿಯಾಗಿಯೂ ಪಠ್ಯಪುಸ್ತಕಗಳ ಕರ್ತೃವಾಗಿಯೂ ಬೆಳೆದರು. ಕನ್ನಡದ ಗಡಿಯಲ್ಲಿ ನಿಂತು ಮಕ್ಕಳಿಗೆ ಬರೆದ ಇವರಿಬ್ಬರೂ ನಮಗೆ ಸಮೀಪದ ಬಂಧುಗಳು.

ಆದರೆ ಅಧ್ಯಾಪಕ ಬರಹಗಾರನಾಗುವ ಗಳಿಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಜಿ. ಪಿ. ರಾಜರತ್ನಂ ಅವರಲ್ಲಿ. ಎಂ.ಎ. ಪದವಿ ಪಡೆದ ತರುಣ ತನ್ನ ತಂದೆಯವರ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಲು ನಿಂತರು. ಪುಸ್ತಕದಲ್ಲಿದ್ದ ಪದ್ಯಗಳು ಮಕ್ಕಳಿಗೆ ಹಿಡಿಸಲಿಲ್ಲ. ಅಂಥ ಸಮಯದಲ್ಲಿ ಮಕ್ಕಳನ್ನು ಗದರಿಸುವ ಅಧ್ಯಾಪಕರು ಅನೇಕರು. ರಾಜರತ್ನಂ ಪದ್ಯಗಳನ್ನು ಬದಲಿಸಿದರು. ತಾವೇ ಬರೆದು ಮಕ್ಕಳ ಮುಂದೆ ಹಾಡಿದರು. ವಿಮರ್ಶಕರ ಮೆಚ್ಚುಗೆಗಿಂತ ಕಠಿಣವಾದ ಪರೀಕ್ಷೆ ಅದು. ಹಿಡಿಸದ ಪದ್ಯವನ್ನು ಐದು ವರ್ಷದ ಮಗು ಮರ್ಯಾದೆಗಾಗಿ ಕೇಳುತ್ತ ಕೂರುವುದಿಲ್ಲ.

'ತುತ್ತೂರಿ' ಪದ್ಯವನ್ನು ನಾವೆಲ್ಲ ಬಲ್ಲೆವು. ಕಸ್ತೂರಿಯೆಂಬ ಹುಡುಗ ತಗಡಿನ ತುತ್ತೂರಿ ಕೊಳ್ಳುತ್ತಾನೆ, ಜಂಬದಿಂದ ಬೀದಿಯಲ್ಲಿ ಊದುತ್ತ ಹೋಗುತ್ತಾನೆ, ಕೊಳದ ಬಳಿ ಅದು ನೀರಿಗೆ ಜಾರುತ್ತದೆ, ಸ್ವರ ಕೆಡುತ್ತದೆ, ಬಣ್ಣ ಹೋಗುತ್ತದೆ. ಜಂಬ ಕೂಡದೆಂಬುದು ಇದರ ನೀತಿ ಎಂದು ಹೇಳಿ ಪಾಠವನ್ನು ಮುಗಿಸುವುದು ಸುಲಭ. ಆದರೆ ಪದ್ಯದ ಶಕ್ತಿ ನೀತಿಯಲ್ಲಿಲ್ಲ, ಸದ್ದಿನಲ್ಲಿದೆ. ಮೊದಲು ಏಳೂ ಸ್ವರಗಳನ್ನು ನುಡಿದ ತುತ್ತೂರಿ ಕೊನೆಯಲ್ಲಿ ಒಂದೇ ಗಕಾರದಲ್ಲಿ ತೊದಲುತ್ತದೆ. ಮಗು ನಗುವುದು ಅಲ್ಲಿ. ಹುಡುಗನ ಸೋಲು ಮಾತಿನಲ್ಲಿ ಹೇಳಲ್ಪಡುವ ಮೊದಲೇ ಕಿವಿಗೆ ಕೇಳಿಸಿಬಿಟ್ಟಿರುತ್ತದೆ. ನಮ್ಮ ಕಣಿವೆಯ ತರಗತಿಯಲ್ಲಿ ಇದನ್ನು ಹಾಡಿಸಿದಾಗ ಇನ್ನೊಂದು ಗುಣವೂ ಹೊಳೆಯಿತು. ಬಣ್ಣ, ತಗಡು, ಜಂಬ, ಗಂಟಲು: ತಮಿಳಿನ ಲಿಪಿಯಲ್ಲಿ ಬೇರೆ ಅಕ್ಷರವಿಲ್ಲದ ಬ, ಗ, ಡ, ಜಂಬದ ಬಕಾರ, ಇವೆಲ್ಲ ಪದ್ಯದ ತುಂಬ ಮೊಳಗುತ್ತವೆ. ಕೆಂಪು ಶಾಯಿ ವರ್ಷವಿಡೀ ಕಲಿಸಲಾರದ ಭೇದವನ್ನು ಈ ಹಾಡು ನಾಲಗೆಗೆ ಹತ್ತಿಸುತ್ತದೆ. 'ನಾಯಿಮರಿ' ಪದ್ಯದ ರಚನೆಯೂ ಹೀಗೆಯೇ ತರಗತಿಯ ಒಳಗಿನಿಂದ ಬಂದದ್ದು. ಒಬ್ಬರು ಕೇಳಬೇಕು, ಇನ್ನೊಬ್ಬರು ಹೇಳಬೇಕು. ಮಕ್ಕಳನ್ನು ಎರಡು ಗುಂಪು ಮಾಡಿದರೆ ಪಾಠ ತಾನಾಗಿಯೇ ನಡೆಯುತ್ತದೆ.

ರಾಜರತ್ನಂ 'ರತ್ನನ ಪದಗಳು' ಬರೆದದ್ದೂ ಇದೇ ಕಿವಿಯಿಂದ ಎಂದು ನಮ್ಮ ಎಣಿಕೆ. ಕುಡುಕ ರತ್ನನ ಆಡುಮಾತನ್ನು ಅವರು ಗ್ರಂಥಭಾಷೆಗೆ ತಿದ್ದಲಿಲ್ಲ. ಆ ಮಾತಿನಲ್ಲಿಯೇ ಕಾವ್ಯವಿದೆಯೆಂದು ನಂಬಿದರು. ಮಗುವಿನ ಮಾತನ್ನು ಗೌರವಿಸಬಲ್ಲವನಿಗೆ ಮಾತ್ರ ಕುಡುಕನ ಮಾತನ್ನೂ ಗೌರವಿಸುವುದು ಸಾಧ್ಯ. 1978ರಲ್ಲಿ ದೆಹಲಿಯಲ್ಲಿ, ಅಂದರೆ ಕರ್ನಾಟಕದ ಹೊರಗೆ, ನೆರೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದುದು ನಮ್ಮಂಥ ಹೊರನಾಡಿನವರಿಗೆ ನೆನಪಿಡತಕ್ಕ ಸಂಗತಿ.

ಅವರ ತರುವಾಯ ಬಂದ ಅನೇಕರು ಅವರ ಪ್ರಾಸವನ್ನು ತೆಗೆದುಕೊಂಡರು, ಕಿವಿಯನ್ನು ತೆಗೆದುಕೊಳ್ಳಲಿಲ್ಲ. ಸಂಚಿಕೆಗಳ ಮಕ್ಕಳ ಪದ್ಯಗಳಲ್ಲಿ ಪ್ರಾಸ ತಪ್ಪುವುದೇ ಇಲ್ಲ. ಆದರೆ ಅಲ್ಲಿ ಮಾತನಾಡುವವರು ಮಗುವಿನ ವೇಷ ಹಾಕಿದ ದೊಡ್ಡವರು. ಇನ್ನೊಂದು ಮಾತನ್ನೂ ಹೇಳಬೇಕು. ತುತ್ತೂರಿಯನ್ನೇ ನಾವು ಕೊನೆಯವರೆಗೂ ಹಾಡಿಸುತ್ತ ಕೂತರೆ ಅದೂ ಒಂದು ಬಗೆಯ ಸೋಮಾರಿತನ. ರಾಜರತ್ನಂ ತಮ್ಮೆದುರಿನ ಮಕ್ಕಳಿಗಾಗಿ ಬರೆದರು. ನಮ್ಮೆದುರಿನ ಮಕ್ಕಳು ಬೇರೆ. ಅವರ ಕೃತಿಯನ್ನು ಉಳಿಸಿಕೊಳ್ಳುವುದೆಂದರೆ ಅವರು ಮಾಡಿದ ಕೆಲಸವನ್ನು ಮುಂದುವರಿಸುವುದು.

ಇದು ಕವಿಗಳಿಗೆ ಮಾತ್ರ ಸಾಧ್ಯವೆಂದು ಕೈಚೆಲ್ಲಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ ಕಲಿ'ಯಲ್ಲಿ ಸಾಮಾನ್ಯ ಪ್ರಾಥಮಿಕ ಶಾಲೆಯ ಅಧ್ಯಾಪಕರೇ ಆಂಧ್ರದ ಋಷಿವ್ಯಾಲಿಯ ಪದ್ಧತಿಯನ್ನು ನೋಡಿಬಂದು ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಯಾರಿಸಿದರು. ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು ರ, ಗ, ಸ, ದ, ಅ ಎಂದು ಮೊದಲುಮಾಡಿದರೆ ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ಗರಗಸ ಮೊದಲಾದ ಪದಗಳು ಮಗುವಿನ ಕೈಗೆ ಬರುತ್ತವೆ. ಮೊದಲ ವಾರದಲ್ಲಿಯೇ ಅದು ಓದುಗನಾಗುತ್ತದೆ. ಅದೇ ಋಷಿವ್ಯಾಲಿಯ ಬೇರಿನಿಂದ 2003ರಲ್ಲಿ ಚೆನ್ನೈ ನಗರಪಾಲಿಕೆಯ ಶಾಲೆಗಳಲ್ಲಿಯೂ 2007–08ರಲ್ಲಿ ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲೆಲ್ಲ ಚಟುವಟಿಕೆಯ ಕಲಿಕೆ ಬಂದಿತು. ಈ ವಿಷಯದಲ್ಲಿ ಎರಡು ನಾಡುಗಳ ಅಧ್ಯಾಪಕರೂ ಒಂದೇ ಗುರುಮನೆಯವರು.

ಹೀಗಿರುವಾಗ ನಮ್ಮ ಪಾಠಪುಸ್ತಕ ಹೇಗಿರಬೇಕು? ತಮಿಳನ್ನು ಅಡ್ಡಿಯೆಂದು ಎಣಿಸದೆ ಮೆಟ್ಟಿಲಾಗಿ ಬಳಸಬೇಕು. ಶಾಲೆಯ ಪಾಲ್, ಪುಲಿ, ಪೂ, ಪತ್ತು ಎಂಬವು ಕನ್ನಡದಲ್ಲಿ ಹಾಲು, ಹುಲಿ, ಹೂ, ಹತ್ತು ಎಂದು ಮಗುವೇ ಕಂಡುಹಿಡಿಯುವಂತೆ ಮಾಡಿದರೆ ಭಾಷಾಶಾಸ್ತ್ರದ ಒಂದು ಸೂತ್ರ ಅದಕ್ಕೆ ಆಟವಾಗುತ್ತದೆ. ತಮಿಳಿನ ವಿಶಿಷ್ಟ ಳಕಾರವನ್ನು ಬಲ್ಲ ಮಗುವಿಗೆ, ಹಳಗನ್ನಡದಲ್ಲಿಯೂ 'ೞ' ಎಂಬ ಅಕ್ಷರವಿತ್ತು, ಕೇಶಿರಾಜನ ಶಬ್ದಮಣಿದರ್ಪಣ ಅದನ್ನು ವಿವರಿಸುತ್ತದೆ ಎಂದು ಹೇಳಬಹುದು. ಕನ್ನಡದ ನೆಲದಲ್ಲಿ ಬೆಳೆದ ಮಗುವಿಗಿಲ್ಲದ ಅನುಕೂಲ ಅದು.

ಅದಕ್ಕಿಂತ ಮುಖ್ಯವಾದದ್ದು ಮನೆಮಾತು. ಅಜ್ಜಿಯ ಕನ್ನಡದಲ್ಲಿ ತಮಿಳು ಬೆರೆತಿದೆಯೆಂದು, ಗ್ರಂಥಭಾಷೆಗೆ ಹೊಂದುವುದಿಲ್ಲವೆಂದು, ಸಭೆಗಳಲ್ಲಿ ಅದನ್ನು ಮೆಲ್ಲನೆ ತಿದ್ದುವವರಿದ್ದಾರೆ. ತಿದ್ದಿಸಿಕೊಂಡ ಅಜ್ಜಿ ಮುಂದಿನ ಸಭೆಗೆ ಬರುವುದಿಲ್ಲ, ಬಂದರೂ ಮಾತನಾಡುವುದಿಲ್ಲ. ಶುದ್ಧಿಯ ಹೆಸರಿನಲ್ಲಿ ನಾವು ಕಳೆದುಕೊಂಡದ್ದು ಎಷ್ಟೆಂಬುದನ್ನು ಲೆಕ್ಕ ಹಾಕಲಾಗದು. ಮಗು ಮನೆಯ ಮಾತಿನಲ್ಲಿ ಹೇಳಲಿ. ಅಧ್ಯಾಪಕ ಅದನ್ನು ಹೇಳಿದಂತೆಯೇ ಕನ್ನಡದ ಅಕ್ಷರಗಳಲ್ಲಿ ಬರೆಯಲಿ. ಮಗು ತನ್ನ ಮಾತನ್ನು ತಾನೇ ಓದಲಿ. ಕಂಬಂನ ತಂಬಿರಾನ್ ಮಾಡುಗಳಿಗೆ ಸಂಕ್ರಾಂತಿಯಲ್ಲಿ ಪೂಜೆ ಸಲ್ಲಿಸಿ ಬಂದ ಹುಡುಗ ಆ ದನಗಳ ಬಗ್ಗೆ ಹೇಳುವ ನಾಲ್ಕು ವಾಕ್ಯಗಳು ನಮ್ಮ ಮೊದಲ ಪಾಠವಾಗಲಿ. ಬರೆಯುವ ಕನ್ನಡವನ್ನು ಅನಂತರ ಕಲಿಸಬಹುದು; ಅದನ್ನು ಕಲಿಸಲೇಬೇಕು. ಆದರೆ ತನ್ನ ಮಾತಿಗೆ ಅಕ್ಷರವುಂಟೆಂದು ಒಮ್ಮೆ ಕಂಡ ಮಗುವಿಗೆ ಉಳಿದುದನ್ನು ಕಲಿಸುವುದು ಹೆಚ್ಚು ಕಷ್ಟವಲ್ಲ.

ಮುಂದಿನ ಸಂಚಿಕೆಯ ಮಕ್ಕಳ ಪುಟಗಳನ್ನು ದೊಡ್ಡವರಾದ ನಾವು ತುಂಬುವುದು ಬೇಡವೆಂದು ಸದಸ್ಯರಲ್ಲಿ ನಮ್ಮ ವಿನಂತಿ. ಆ ಪುಟಗಳಲ್ಲಿ ಮಕ್ಕಳು ಹೇಳಿ ಬರೆಸಿದ್ದು ಅಚ್ಚಾಗಲಿ, ತಮಿಳು ಬೆರೆತಿದ್ದರೆ ಬೆರೆತಂತೆಯೇ. ಮನೆಗೆ ಒಯ್ದು ಅಜ್ಜಿಯ ಮುಂದೆ ಗಟ್ಟಿಯಾಗಿ ಓದಿದಾಗ ಆಕೆಗೆ ಅರ್ಥವಾದರೆ, ಆ ಪುಟಗಳು ಸಾರ್ಥಕವಾದವೆಂದು ತಿಳಿಯೋಣ.