ಮನೆ ಬಿಟ್ಟವಳ ಹೆಸರು ಯಾವ ಕಾರ್ಡಿನಲ್ಲಿ?

ಗಂಡನ ಹೊಡೆತಕ್ಕೆ ಮದ್ದು ಯಾವುದೆಂದು ಕೇಳಿದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಬರುವ ಉತ್ತರ ಒಂದೇ: ಹೆಣ್ಣುಮಗಳ ಕೈಗೆ ಕೆಲಸ ಕೊಡಿ. ನಾಲ್ಕು ಕಾಸು ದುಡಿದರೆ ಧೈರ್ಯ ಬರುತ್ತದೆ, ಮನೆಯಲ್ಲಿ ಮಾತಿಗೆ ಬೆಲೆ ಬರುತ್ತದೆ, ಹೊಡೆಯುವ ಕೈ ತಾನಾಗಿ ತಗ್ಗುತ್ತದೆ. ಮಹಿಳಾ ದಿನಾಚರಣೆಯಲ್ಲಿ ಹೊಲಿಗೆ ಯಂತ್ರ ಹಂಚುವವರು, ಸ್ವಸಹಾಯ ಸಂಘದ ಸಭೆಯಲ್ಲಿ ಭಾಷಣ ಮಾಡುವವರು, ಠಾಣೆಯಲ್ಲಿ ರಾಜಿ ಮಾಡಿಸಿ ಕಳಿಸುವ ಹಿರಿಯರು ನಂಬಿರುವುದು ಇದನ್ನೇ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಕಲಬುರಗಿ ಜಿಲ್ಲೆಯ ಶಹಾಬಾದ್ ಪಕ್ಕದ ಭಂಕೂರದಿಂದ ಹಿಡಿದು ಚಿಂಚೋಳಿಯ ತಾಂಡಾಗಳ ತನಕ ನಮ್ಮ ಹೆಂಗಸರ ಬದುಕನ್ನು ನೋಡಿದವರಿಗೆ ಈ ಮಾತು ಒಪ್ಪಿಗೆಯಾಗುವುದು ಕಷ್ಟ. ಈ ಸೀಮೆಯಲ್ಲಿ ದುಡಿಯದ ಹೆಂಗಸು ಎಲ್ಲಿದ್ದಾಳೆ? ತೊಗರಿ ಹೊಲದ ಕಳೆ ತೆಗೆಯುವವಳು ಅವಳು, ಫರಸಿ ಕಲ್ಲು ಹೊರುವವಳು ಅವಳು, ಸುಗ್ಗಿ ಮುಗಿದ ಮೇಲೆ ಗಂಡನ ಜೊತೆ ಪುಣೆಗೋ ಹೈದರಾಬಾದಿಗೋ ಗುಳೆ ಹೋಗುವವಳೂ ಅವಳೇ. ದುಡಿದೂ ಹೊಡೆತ ತಿನ್ನುತ್ತಾಳೆ. ಎಷ್ಟೋ ಮನೆಗಳಲ್ಲಿ ಶನಿವಾರದ ಬಟವಾಡೆಯ ದುಡ್ಡು ಕೊಡಲಿಲ್ಲವೆಂದೇ ತಿನ್ನುತ್ತಾಳೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವಯಸ್ಸಿನ ವಿವಾಹಿತೆಯರ ಪೈಕಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆಂದವರು ಕರ್ನಾಟಕದಲ್ಲಿ ಶೇ 44. ದೇಶದಲ್ಲೇ ಅತಿ ಹೆಚ್ಚು. ಅದೇ ಸಮೀಕ್ಷೆಯ ಅಖಿಲ ಭಾರತದ ಅಂಕಿಗಳಲ್ಲಿ ಕೂಲಿಗೆ ಹೋಗುವ ಹೆಂಗಸರು ಮನೆಯಲ್ಲಿರುವವರಿಗಿಂತ ಹೆಚ್ಚು ಹಿಂಸೆ ಹೇಳಿಕೊಂಡಿದ್ದಾರೆ. ಕೂಲಿಗೂ ಹಿಂಸೆಗೂ ತಳ್ಳುವುದು ಅದೇ ಬಡತನ ಎಂಬುದು ಇದಕ್ಕೆ ಒಂದು ಕಾರಣ ಇರಬಹುದು. ಏನೇ ಇರಲಿ, ಕೆಲಸವೊಂದೇ ರಕ್ಷೆ ಎನ್ನುವವರು ಈ ಅಂಕಿಯನ್ನು ದಾಟಿ ಹೋಗುವಂತಿಲ್ಲ.

ಅಮೆರಿಕ ಈ ಪ್ರಶ್ನೆಯನ್ನು 1996ರಲ್ಲೇ ಎದುರಿಸಿತು. ಆ ವರ್ಷ ಅಲ್ಲಿನ ಸರ್ಕಾರ ಬಡ ತಾಯಂದಿರ ಸಹಾಯಧನಕ್ಕೆ ಕೆಲಸದ ಷರತ್ತು ಹಾಕಿತು, ಜೀವಮಾನದಲ್ಲಿ ಒಟ್ಟು ಐದು ವರ್ಷವೆಂಬ ಮಿತಿಯನ್ನೂ ಇಟ್ಟಿತು. ಸೆನೆಟರುಗಳಾದ ಪಾಲ್ ವೆಲ್‌ಸ್ಟೋನ್ ಮತ್ತು ಪ್ಯಾಟಿ ಮರ್ರೆ ಹಟ ಹಿಡಿದು ಅದರೊಳಗೆ ಒಂದು ಕಲಮು ಸೇರಿಸಿದರು: ಮನೆಯ ಹಿಂಸೆಯಿಂದ ಪಾರಾಗಿ ಬಂದವಳಿಗೆ ಈ ಷರತ್ತುಗಳನ್ನು ರಾಜ್ಯಗಳು ಮನ್ನಾ ಮಾಡಬಹುದು. ಮಕ್ಕಳ ಅಪ್ಪನನ್ನು ಹುಡುಕಿ ಜೀವನಾಂಶ ವಸೂಲಿಗೆ ನೆರವಾಗಬೇಕೆಂಬ ನಿಯಮವನ್ನೂ ಸಡಿಲಿಸಬಹುದು, ಏಕೆಂದರೆ ಅವನಿಗೆ ನೋಟೀಸು ಹೋದರೆ ಇವಳ ವಿಳಾಸವೂ ಅವನಿಗೆ ಸಿಗುವ ಭಯವಿತ್ತು. ಎಲ್ಲರೂ ಸುಳ್ಳು ಹೇಳಿ ಮನ್ನಾ ಪಡೆಯುತ್ತಾರೆಂಬ ಕೂಗು ಅಲ್ಲೂ ಎದ್ದಿತ್ತು. ಆದದ್ದು ಬೇರೆ. ಮನ್ನಾ ಕೇಳಿದವರು ನಿರೀಕ್ಷೆಗಿಂತ ತೀರಾ ಕಡಿಮೆ. ಕೌಂಟರಿನ ಮುಂದೆ ನಿಂತು ಅಪರಿಚಿತರಿಗೆ ಹೊಡೆತದ ಕತೆ ಹೇಳುವುದು ಯಾವ ದೇಶದಲ್ಲೂ ಹಗುರದ ಕೆಲಸವಲ್ಲ.

ಹಾಗೆಂದು ಆ ಕಲಮನ್ನು ಹಾಗೇ ಎತ್ತಿ ತಂದು ಇಲ್ಲಿ ನೆಡಿ ಎಂದು ನಾನು ಹೇಳಲಾರೆ. ನಮ್ಮಲ್ಲಿ ಸಹಾಯಧನಕ್ಕೆ ಕೆಲಸದ ಷರತ್ತಿಲ್ಲ. ನಮ್ಮ ಷರತ್ತು ಮನೆ. ಅವಳು ಒಂದು ಮನೆಯವಳಾಗಿರಬೇಕು, ಅದೂ ಕಾಗದದಲ್ಲಿ.

ಉದ್ಯೋಗ ಖಾತ್ರಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2005ರ ಸೆಪ್ಟೆಂಬರ್ 5ರಂದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆಗೆ ಅದೇ ತಿಂಗಳ 13ರಂದು. ಒಂದೇ ಸಂಸತ್ತು, ಒಂದೇ ಮಳೆಗಾಲ. ಆದರೂ ಎರಡಕ್ಕೂ ಕಂಡ ಹೆಂಗಸು ಬೇರೆ ಬೇರೆ. ಹಿಂಸೆಯ ಕಾಯ್ದೆ ಅವಳನ್ನು ಒಬ್ಬ ವ್ಯಕ್ತಿಯಾಗಿ ಕಂಡಿತು, ಗಂಡನ ವಿರುದ್ಧ ನಿಲ್ಲಬಲ್ಲವಳಾಗಿ. ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸವನ್ನು ಕುಟುಂಬಕ್ಕೆ ಕೊಟ್ಟಿತು. ಕುಟುಂಬವೆಂದರೆ ರಕ್ತ, ಮದುವೆ ಅಥವಾ ದತ್ತಿನಿಂದ ಕೂಡಿ, ಸಾಮಾನ್ಯವಾಗಿ ಒಟ್ಟಿಗೆ ಇದ್ದು, ಒಂದೇ ಅಡುಗೆ ಉಣ್ಣುವ ಅಥವಾ ಒಂದೇ ರೇಷನ್ ಕಾರ್ಡು ಇರುವ ಜನ. 2025ರ ಡಿಸೆಂಬರಿನಲ್ಲಿ ಅದರ ಜಾಗಕ್ಕೆ ಸಂಸತ್ತು ಒಪ್ಪಿದ ಹೊಸ ಕಾಯ್ದೆ ದಿನಗಳನ್ನು 125ಕ್ಕೆ ಏರಿಸಿದರೂ ಎಣಿಕೆ ಕುಟುಂಬದ ಲೆಕ್ಕದಲ್ಲೇ ಉಳಿದಿದೆ.

ಭಂಕೂರಕ್ಕೆ ಮದುವೆಯಾಗಿ ಬಂದ, ತವರು ಚಿಂಚೋಳಿ ಕಡೆಯ ಇಪ್ಪತ್ತೈದು ವಯಸ್ಸಿನ ಹೆಣ್ಣುಮಗಳೊಬ್ಬಳನ್ನು ಎಣಿಸಿಕೊಳ್ಳಿ. ಮಣಿಕಟ್ಟು ಮುರಿದಿದೆ, ಎರಡು ಮಕ್ಕಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ಹೊರಟಿದ್ದಾಳೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದದ್ದರಿಂದ ಬಸ್ಸಿಗೆ ದುಡ್ಡು ಬೇಕಿಲ್ಲ. ಇಂಥ ಹೆಂಗಸರಿಗೆ ಅದೊಂದು ದೊಡ್ಡ ಉಪಕಾರ, ಮನಸಾರೆ ಹೇಳುತ್ತೇನೆ. ಬಸ್ಸಿಳಿದ ಮೇಲಿನ ಕತೆಯೇ ಬೇರೆ. ಜಾಬ್ ಕಾರ್ಡು ಗಂಡನ ಟ್ರಂಕಿನಲ್ಲಿದೆ. ರೇಷನ್ ಕಾರ್ಡು ಅತ್ತೆಯ ಹೆಸರಿನಲ್ಲಿದೆ. ತವರೂರಿನ ಪಂಚಾಯಿತಿಗೆ ಹೋಗಿ ನಮೂನೆ 6ರಲ್ಲಿ ಕೆಲಸ ಕೇಳಿದರೆ, ‘ನಿನ್ನ ಹೆಸರು ಭಂಕೂರ ಕಾರ್ಡಿನ್ಯಾಗ ಅದಲ್ಲವ್ವ, ಇಲ್ಲಿ ಹ್ಯಾಂಗ ಕೊಡೋದು?’ ಎಂಬ ಮಾತು ಕೇಳಬೇಕು. ಗಂಡ ಬಿಟ್ಟವರಿಗೆ, ಒಂಟಿ ಹೆಂಗಸರಿಗೆ ಪ್ರತ್ಯೇಕ ಜಾಬ್ ಕಾರ್ಡು ಕೊಡಬಹುದೆಂದು ಮಾರ್ಗಸೂಚಿ ಹೇಳುತ್ತದೆ. ಆದರೆ ನಿನ್ನೆ ರಾತ್ರಿ ಓಡಿಬಂದವಳು ಗಂಡ ಬಿಟ್ಟವಳೆಂದು ಯಾವ ಕಾಗದ ತೋರಿಸಬೇಕು? ಬಿಟ್ಟವನು ಅವನಲ್ಲ, ಇವಳು.

ಗೃಹಲಕ್ಷ್ಮಿಯೂ ಇದೇ ಗೋಡೆಗೆ ಬಂದು ನಿಲ್ಲುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಈ ಯೋಜನೆಯ ತಿಂಗಳ ₹2,000 ಹೋಗುವುದು ರೇಷನ್ ಕಾರ್ಡಿನ ಯಜಮಾನಿಗೆ. 2013ರ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮಿನ ಪ್ರಕಾರ ಯಜಮಾನಿ ಎಂದರೆ ಮನೆಯ ಹಿರಿಯ ಹೆಂಗಸು. ಅತ್ತೆ ಇರುವ ತನಕ ಸೊಸೆ ಯಜಮಾನಿಯಲ್ಲ. ಮನೆಯಲ್ಲಿ ಎಲ್ಲರಿಗಿಂತ ಎಳೆಯವಳೂ ದನಿಯಿಲ್ಲದವಳೂ ಆದ ಸೊಸೆಗೆ ಈ ಹಣ ಎಟುಕುವುದಿಲ್ಲ. ಇನ್ನು ಗಂಡ ಆದಾಯ ತೆರಿಗೆ ಕಟ್ಟುವವನಾದರೆ ಹೆಂಡತಿಗೆ ಹಕ್ಕೇ ಇಲ್ಲ, ಅವನು ಅವಳಿಗೆ ಒಂದು ರೂಪಾಯಿ ಕೊಡದಿದ್ದರೂ. ಹೊಸ ಕಾರ್ಡು ಮಾಡಿಸಲು ಹಳೆಯದರಿಂದ ಹೆಸರು ತೆಗೆಸಬೇಕು, ಅರ್ಜಿಗೆ ಪೋರ್ಟಲ್ ತೆರೆಯುವ ದಿನ ಕಾಯಬೇಕು. ಒಂಟಿ ಹೆಂಗಸರಿಗೆಂದು ಇರುವ ಮನಸ್ವಿನಿ ಪಿಂಚಣಿಗೆ ವಯಸ್ಸು 40 ದಾಟಿರಬೇಕು.

ಹೀಗಾಗಿ ಹೊಡೆಯುವ ಮನೆಯೊಳಗೆ ಇದ್ದಷ್ಟು ದಿನ ಅವಳು ಫಲಾನುಭವಿ. ಹೊಸ್ತಿಲು ದಾಟಿದ ದಿನ ಯಾವ ಪಟ್ಟಿಯಲ್ಲೂ ಇಲ್ಲ. ‘ಮಕ್ಕಳ ಮುಖ ನೋಡಿ ತಿರುಗಿ ಹೋಗವ್ವ’ ಎಂದು ತವರಿನವರು ಹೇಳುವ ಮಾತಿಗೆ ಸರ್ಕಾರದ ಕಾಗದಗಳೂ ದನಿಗೂಡಿಸುತ್ತಿವೆ. ನನಗೆ ಸಿಟ್ಟು ಬರುವುದು ಇಲ್ಲಿ.

ಹೇಗೋ ಕಾರ್ಡು ಸಿಕ್ಕಿತು ಎಂದುಕೊಳ್ಳೋಣ. ಕೆರೆ ಹೂಳೆತ್ತುವ ಜಾಗದಲ್ಲಿ ಕೂಲಿ ಅಳತೆಯ ಮೇಲೆ ನಿಂತಿದೆ. ಒಬ್ಬರು ಕಡಿದರೆ ಒಬ್ಬರು ಬುಟ್ಟಿ ಹೊರಬೇಕು, ಸಾಮಾನ್ಯವಾಗಿ ಗಂಡ ಹೆಂಡತಿ ಜೋಡಿ. ಜೋಡಿಯಿಲ್ಲದವಳನ್ನು, ಅದರಲ್ಲೂ ಒಂದು ಕೈ ಎತ್ತಲಾರದವಳನ್ನು ಗುಂಪಿನೊಳಗೆ ಸೇರಿಸಿಕೊಳ್ಳಲು ಉಳಿದವರು ಹಿಂದೆಮುಂದೆ ನೋಡುತ್ತಾರೆ. ಅವರನ್ನು ದೂರುವಂತಿಲ್ಲ, ಅಳತೆ ಕಡಿಮೆಯಾದರೆ ಗುಂಪಿನ ಎಲ್ಲರ ಕೂಲಿಯೂ ಇಳಿಯುತ್ತದೆ. 2025–26ರಲ್ಲಿ ಕರ್ನಾಟಕದ ದಿನಗೂಲಿ ₹370 ಎಂದು ಗೊತ್ತುಮಾಡಿದ್ದರೂ ಅವಳ ಖಾತೆಗೆ ಅಷ್ಟೂ ಬೀಳುವ ಭರವಸೆಯಿಲ್ಲ. ಅದಕ್ಕಿಂತ ದೊಡ್ಡ ಆತಂಕ ಮೊಬೈಲಿನದು. ಕೂಲಿ ಗುಂಪಿನ ಮುಖ್ಯಸ್ಥನಾದ ಕಾಯಕ ಬಂಧು ದಿನಕ್ಕೆ ಎರಡು ಸಲ ಫೋಟೋ ತೆಗೆದು, ಜಾಗದ ಗುರುತಿನೊಂದಿಗೆ ಹಾಜರಿ ಏರಿಸುತ್ತಾನೆ. ಎನ್‌ಎಂಆರ್‌ನಲ್ಲಿ (ಹಾಜರಿ ಪಟ್ಟಿಯಲ್ಲಿ) ಹೆಸರು, ಊರು, ಕಾಮಗಾರಿ ಎಲ್ಲವೂ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡುವಂತಿರುತ್ತವೆ. ಸುಳ್ಳು ಹಾಜರಿ ತಡೆಯಲು ಇದು ಬೇಕು, ಕೂಲಿಕಾರರ ಸಂಘಟನೆಗಳೇ ಪಾರದರ್ಶಕತೆಗಾಗಿ ಹೋರಾಡಿವೆ. ಆದರೆ ಹುಡುಕಿಕೊಂಡು ಬರುವ ಗಂಡನಿಗೂ ಅದೇ ದಾರಿ ತೋರಿಸುತ್ತದೆ.

ಇಂಥವಳಿಗೂ ಕೆಲಸದ ಅಳತೆಯಲ್ಲಿ ಮನ್ನಾ ಬೇಕು. ಮನ್ನಾ ಎಂದರೆ ಸೋಮಾರಿತನಕ್ಕೆ ಕುಮ್ಮಕ್ಕು ಎನ್ನುವವರಿಗೆ ನಮ್ಮ ರಾಜ್ಯದ ಖಾತ್ರಿ ಕೆಲಸದಲ್ಲೇ ಉತ್ತರವಿದೆ. 60 ದಾಟಿದವರಿಗೆ, ಅಂಗವಿಕಲರಿಗೆ, ಗರ್ಭಿಣಿಯರಿಗೆ ಇಲ್ಲಿ ಕೆಲಸದ ಪ್ರಮಾಣದಲ್ಲಿ ಅರ್ಧ ರಿಯಾಯಿತಿಯಿದೆ, ಕೂಲಿ ಪೂರ್ತಿ. ಅದರಿಂದ ಯಾವ ಊರೂ ಸೋಮಾರಿಯಾಗಿಲ್ಲ. ಮುರಿದ ಮಣಿಕಟ್ಟಿನವಳನ್ನು ಆ ಸಾಲಿಗೆ ಸೇರಿಸಲು ಇರುವ ಅಡ್ಡಿಯಾದರೂ ಏನು? ಸುಳ್ಳು ಹೇಳಿ ಲಾಭ ಪಡೆಯುತ್ತಾರೆ ಎನ್ನುವವರು ನಮ್ಮ ಹಳ್ಳಿಗಳನ್ನು ಕಂಡಿಲ್ಲ. ‘ಗಂಡ ಹೊಡಿತಾನ್ರಿ’ ಎಂದು ಪಂಚಾಯಿತಿ ಕಚೇರಿಯಲ್ಲಿ ಹತ್ತು ಜನರ ಎದುರು ಹೇಳಿಕೊಂಡವಳು ಕಳೆದುಕೊಳ್ಳುವ ಮಾನದ ಮುಂದೆ ಮೂರು ತಿಂಗಳ ಗೃಹಲಕ್ಷ್ಮಿಯ ಆರು ಸಾವಿರ ರೂಪಾಯಿ ಏನೂ ಅಲ್ಲ.

ಅಯ್ಯೋ ಪಾಪ, ಅವಳಿಗೆ ಕೆಲಸವೇ ಬೇಡ, ಪಿಂಚಣಿ ಕೊಟ್ಟುಬಿಡಿ ಎನ್ನುವ ಕನಿಕರವನ್ನೂ ನಾನು ಒಪ್ಪುವುದಿಲ್ಲ. ಕೆಲಸ ಅವಳ ಹಕ್ಕಾಗಿ ಉಳಿಯಲೇಬೇಕು. ಮನೆ ಬಿಟ್ಟ ಮೊದಲ ಮೂರು ತಿಂಗಳು ಅದನ್ನು ಅವಳಿಂದ ಕೇಳಬಾರದು, ಅಷ್ಟೇ. ಆ ಮೂರು ತಿಂಗಳಲ್ಲಿ ಅವಳಿಗೆ ಆಸ್ಪತ್ರೆಯಿದೆ, ಮಕ್ಕಳ ಶಾಲೆಯ ವರ್ಗಾವಣೆಯಿದೆ, ನ್ಯಾಯಾಲಯದ ತಾರೀಖಿದೆ. ಹಿಂಸೆಯ ಕಾಯ್ದೆ ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಹೇಳಿದರೂ ತಾರೀಖುಗಳು ಆ ಲೆಕ್ಕ ಕೇಳುವುದಿಲ್ಲ, ಒಂದೊಂದು ತಾರೀಖಿಗೂ ಒಂದು ದಿನದ ಕೂಲಿ ಹೋಗುತ್ತದೆ.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಹಿಂಸೆಯ ಕಾಯ್ದೆಯ ರಕ್ಷಣಾಧಿಕಾರಿ. ಅವರು ಮ್ಯಾಜಿಸ್ಟ್ರೇಟರಿಗೆ ಕಳಿಸುವ ಕೌಟುಂಬಿಕ ಘಟನೆಯ ವರದಿಯನ್ನೇ ಪಂಚಾಯಿತಿಯ ಪಿಡಿಒ ಸಾಕ್ಷಿಯಾಗಿ ಒಪ್ಪಲಿ. ಅದು ಕೈಗೆ ಬಂದ ವಾರದೊಳಗೆ ಅವಳು ಈಗ ಇರುವ ಊರಿನಲ್ಲೇ ಪ್ರತ್ಯೇಕ ಜಾಬ್ ಕಾರ್ಡು ಬರೆಯಲಿ, ಹಳೆಯ ಕಾರ್ಡಿನ ದಿನಗಳನ್ನು ಅದರಲ್ಲಿ ಕಳೆಯದಿರಲಿ. ಗೃಹಲಕ್ಷ್ಮಿಯ ₹2,000ವನ್ನು ರೇಷನ್ ಕಾರ್ಡು ಕೇಳದೆ ಮೂರು ತಿಂಗಳು ಅವಳ ಖಾತೆಗೆ ಹಾಕಲಿ. ಆ ಖಾತೆಗೆ ಕೊಟ್ಟ ಮೊಬೈಲ್ ನಂಬರು ಗಂಡನದೇ ಎಂಬುದನ್ನು ಬ್ಯಾಂಕಿನವರು ಮೊದಲು ನೋಡಿ ಬದಲಿಸಲಿ. ಎನ್‌ಎಂಆರ್‌ನಲ್ಲಿ ಅವಳ ಹೆಸರು ಸಾಮಾಜಿಕ ಪರಿಶೋಧನೆಯವರಿಗೆ ಕಾಣಲಿ, ವೆಬ್‌ಸೈಟಿನಲ್ಲಿ ಕಾಣುವುದು ಬೇಡ.