ಚುನಾವಣೆ ಬಂತು, ಕೋವಿ ಒಪ್ಪಿಸಿ

ಚುನಾವಣೆಯ ದಿನಾಂಕ ಪ್ರಕಟವಾದ ಬೆನ್ನಿಗೇ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಪುಟ್ಟ ಸುದ್ದಿ ಬರುತ್ತದೆ: ಪರವಾನಗಿ ಇರುವವರು ತಮ್ಮ ಆಯುಧಗಳನ್ನು ಹತ್ತಿರದ ಠಾಣೆಯಲ್ಲಿ ಠೇವಣಿ ಇಡತಕ್ಕದ್ದು. ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಚನ್ನಗಿರಿಯ ಅಡಿಕೆ ಬೆಳೆಗಾರರಿರಲಿ, ಹೊನ್ನಾಳಿ, ನ್ಯಾಮತಿಯ ಭತ್ತದ ರೈತರಿರಲಿ, ಜಗಳೂರಿನ ಮೆಕ್ಕೆಜೋಳದವರಿರಲಿ, ಕೋವಿ ಇದ್ದವರು ಅದನ್ನು ಠಾಣೆಗೆ ಒಯ್ದು ರಸೀದಿ ಪಡೆದು ಬರುತ್ತಾರೆ. ಫಲಿತಾಂಶ ಬಂದ ಮೇಲೆ ರಸೀದಿ ತೋರಿಸಿ ವಾಪಸ್ ತರುತ್ತಾರೆ. ಇದರಿಂದ ಯಾರಿಗೆ ಎಷ್ಟು ರಕ್ಷಣೆ ಸಿಕ್ಕಿತು ಎಂಬ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನದು ಅಮೆರಿಕದ ಬಂದೂಕುಪ್ರಿಯರ ವಕಾಲತ್ತಲ್ಲ. ಬಂದೂಕನ್ನು ಹಕ್ಕಾಗಿಸಿದ 1791ರ ಸಂವಿಧಾನ ತಿದ್ದುಪಡಿಯನ್ನು ಹಿಡಿದುಕೊಂಡು ಆ ದೇಶ ಇಂದಿಗೂ ಜಗ್ಗಾಡುತ್ತಿದೆ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸತ್ತರೂ, 2022ರಲ್ಲಿ ಯುವಾಲ್ಡೆಯಲ್ಲಿ 19 ಮಕ್ಕಳು ಸತ್ತರೂ ಆ ಜಗ್ಗಾಟ ನಿಲ್ಲಲಿಲ್ಲ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತಾಗ ಆಸ್ಟ್ರೇಲಿಯಾ ಲಕ್ಷಗಟ್ಟಲೆ ಬಂದೂಕುಗಳನ್ನು ಹಣ ಕೊಟ್ಟು ಹಿಂಪಡೆಯಿತು. 2019ರಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನ ಬಲಿಯಾದಾಗ ನ್ಯೂಜಿಲೆಂಡ್ ಕೆಲವೇ ವಾರಗಳಲ್ಲಿ ಕಾನೂನು ಬದಲಿಸಿತು. ನಮ್ಮಲ್ಲಿ 1959ರ ಆಯುಧ ಕಾಯ್ದೆ ಬಂದೂಕನ್ನು ಹಕ್ಕು ಎಂದು ಒಪ್ಪಿಯೇ ಇಲ್ಲ. ನಿನಗೇಕೆ ಬೇಕು ಎಂದು ಮೊದಲು ಕೇಳುತ್ತದೆ, ಪೊಲೀಸ್ ವರದಿ ತರಿಸಿಕೊಳ್ಳುತ್ತದೆ, ಆಮೇಲೆ ಕೊಡುತ್ತದೆ ಅಥವಾ ಇಲ್ಲವೆನ್ನುತ್ತದೆ. ಆ ಬುನಾದಿ ಸರಿಯಾಗಿದೆ. ನನ್ನ ತಕರಾರು ಇರುವುದು ಅದರ ಮೇಲೆ ಕಟ್ಟಿದ ಠೇವಣಿಯ ಆಚಾರದ ಬಗ್ಗೆ.

ಬೆಳೆ ಕಾಯಲು ಈ ಕಾಯ್ದೆ ಕೊಡುವುದೇನು? ಮುಖ್ಯವಾಗಿ ಬಾಯಿಯಿಂದ ಮದ್ದು ತುಂಬುವ ಕೋವಿ. ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು, ನಾರು ತುರುಕಬೇಕು, ಗಜದಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ಜಡಿಯಬೇಕು, ಕೊನೆಗೆ ಕೇಪು ಕೂರಿಸಬೇಕು. ಅದೂ ತೇವ ತಗುಲಿದ್ದರೆ ಠುಸ್. ಒಂದು ಈಡು ಹಾರಿಸಿ ಇನ್ನೊಂದಕ್ಕೆ ಸಜ್ಜಾಗುವಷ್ಟರಲ್ಲಿ ಕಾಡುಹಂದಿಗಳ ಹಿಂಡು ಪಕ್ಕದ ತೋಟ ಸೇರಿರುತ್ತದೆ. ಇದರಿಂದ ಒಬ್ಬನ ಪ್ರಾಣ ತೆಗೆಯಬಹುದು, ನಿಜ. ಆದರೆ ಸಾಮೂಹಿಕ ಗುಂಡಿನ ದಾಳಿಗೆ ಇದು ಒಗ್ಗುವ ಆಯುಧವಲ್ಲ. ಬೆಳೆಗೆ ಈ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಬಗೆಯದು ಸಿಕ್ಕೀತು.

ಈಗ 2024ರ ಲೋಕಸಭೆ ಚುನಾವಣೆಯನ್ನೇ ನೋಡಿ. ನೀತಿಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಯಿತು. ದಾವಣಗೆರೆ ಕ್ಷೇತ್ರದಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಈ ನಡುವೆ ಜಿಲ್ಲೆ ಬೆಚ್ಚಿಬಿದ್ದ ರಾತ್ರಿ ಯಾವುದು? ಮೇ 24. ಪೊಲೀಸ್ ವಶದಲ್ಲಿದ್ದ ವ್ಯಕ್ತಿಯೊಬ್ಬರು ಸತ್ತರೆಂಬ ಸುದ್ದಿಗೆ ಚನ್ನಗಿರಿ ಠಾಣೆಯ ಮುಂದೆ ಸೇರಿದ ಗುಂಪು ಕಲ್ಲು ತೂರಿತು, ವಾಹನಗಳನ್ನು ಜಖಂ ಮಾಡಿತು, ಪೊಲೀಸರು ಗಾಯಗೊಂಡರು. ಅಲ್ಲಿ ಗುಂಪಿನ ಆಯುಧ ಕಲ್ಲು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕಿಲೋಗೂ ಮಿಕ್ಕಿ ಚಿನ್ನ ಹೋಯಿತು, ತಿಜೋರಿ ಒಡೆದದ್ದು ಗ್ಯಾಸ್ ಕಟರ್. ಇನ್ನು ನಾಡನ್ನೇ ಕಂಗೆಡಿಸಿದ ಗುಂಡುಗಳು, 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರಿಗೆ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರಿಗೆ ಬಿದ್ದವು, ನಾಡ ಪಿಸ್ತೂಲಿನವು. ಅಂಥದ್ದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ, ಯಾವ ಚುನಾವಣೆಗೂ ಠಾಣೆಗೆ ಬರುವುದಿಲ್ಲ. ಹೇಳಿದ ಮಾತು ಕೇಳುವವನನ್ನೇ ಹಿಡಿದು ಹೇಳುವ ಆದೇಶ ಈ ಠೇವಣಿಯದು.

ಎಲ್ಲರ ಕೋವಿಯನ್ನೂ ಕಟ್ಟಿಡಿ ಎಂದು ಚುನಾವಣಾ ಆಯೋಗವೂ ಹೇಳಿಲ್ಲ. 2009ರಲ್ಲಿ ಬಾಂಬೆ ಹೈಕೋರ್ಟ್ ಈ ವಿಷಯದಲ್ಲಿ ತೀರ್ಪು ಕೊಟ್ಟ ಮೇಲೆ ಸ್ಕ್ರೀನಿಂಗ್ ಸಮಿತಿಯ ವ್ಯವಸ್ಥೆ ಬಂದಿದೆ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಪಾಲ್ಗೊಂಡವರು, ಇಂಥವರ ಪರವಾನಗಿಯನ್ನು ಒಂದೊಂದಾಗಿ ಪರಿಶೀಲಿಸಬೇಕು. ಇದು ಕಷ್ಟದ ಕೆಲಸ. ಎಲ್ಲರೂ ತಂದಿಡಿ ಎನ್ನುವುದು ಸುಲಭದ್ದು. ಸುಲಭದ್ದೇ ರೂಢಿಯಾಯಿತು. ಅತ್ತ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮನೆಮನೆಯಲ್ಲಿ ಕೋವಿಯಿದ್ದರೂ ಕೊಡಗು ರಣರಂಗವಾಗಿಲ್ಲ.

ಜಗಳೂರಿನ ಕಥೆ ಇನ್ನೂ ಬಿಗಿ. ಅಲ್ಲಿನ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು, ಹಳೆಯ ಪರವಾನಗಿದಾರರು ಹೆಸರು ನೋಂದಾಯಿಸಬೇಕು. ಅದು ಸರಿಯೇ, ಕೊಂಡುಕುರಿಯೂ ಬದುಕಬೇಕಲ್ಲ. ಕೋವಿ ಇದ್ದಮಾತ್ರಕ್ಕೆ ಹಂದಿ ಹೊಡೆಯುವಂತೆಯೂ ಇಲ್ಲ, ಅದಕ್ಕೆ ವನ್ಯಜೀವಿ ಕಾಯ್ದೆಯ ಪ್ರಕಾರ ಪ್ರತ್ಯೇಕ ಅನುಮತಿ ಬೇಕು. ಹಾಗಾಗಿ ಬಹುಪಾಲು ಈಡು ಗಾಳಿಗೆ, ಸದ್ದಿಗೆ. ಆ ಸದ್ದೂ ಇಲ್ಲವಾದಾಗ ಬೇಲಿಗೆ ಕರೆಂಟ್ ಕೊಡುವ, ಸಿಡಿಮದ್ದಿನ ಉಂಡೆ ಇಡುವ ದುರ್ಬುದ್ಧಿಗೆ ಎಡೆಯಾಗುತ್ತದೆ. ದನ, ನಾಯಿ, ರಾತ್ರಿ ನೀರು ಕಟ್ಟಲು ಹೋದ ಆಳು, ಯಾರು ತುಳಿದರೂ ಅದು ಕೇಳುವುದಿಲ್ಲ.

ಹಾಗಾದರೆ ಪರವಾನಗಿ ಕೋವಿಯಿಂದ ಅಪಾಯವೇ ಇಲ್ಲವೇ? ಇದೆ, ಆದರೆ ಅದು ಮನೆಯೊಳಗಿದೆ. 2025ರ ಫೆಬ್ರವರಿಯಲ್ಲಿ ನಾಗಮಂಗಲ ತಾಲೂಕಿನ ಕೋಳಿ ಫಾರಂ ಒಂದರಲ್ಲಿ ಬಾಲಕನೊಬ್ಬನ ಕೈಯಲ್ಲಿ ಬಂದೂಕು ಸಿಡಿದು ನಾಲ್ಕು ವರ್ಷದ ಕೂಸು ಸತ್ತಿತು. ಆಗ ಚುನಾವಣೆ ಇರಲಿಲ್ಲ. ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ, ವೈದ್ಯಕೀಯ ಪ್ರಮಾಣಪತ್ರ, ತರಬೇತಿ ಎಲ್ಲವನ್ನೂ 2016ರ ಆಯುಧ ನಿಯಮಗಳು ಕೇಳುತ್ತವೆ. ಆದರೆ ಮುಚ್ಚಳಿಕೆ ಬರೆದುಕೊಟ್ಟವನ ಮನೆಯಲ್ಲಿ ಬೀಗದ ಪೆಟ್ಟಿಗೆ ಇದೆಯೇ, ಮದ್ದು ಒಂದು ಕಡೆ ಕೋವಿ ಒಂದು ಕಡೆ ಇದೆಯೇ, ಕುಡಿದು ಹೆಂಡತಿಗೆ ಹೊಡೆಯುವವನ ಗೋಡೆಯ ಮೇಲೆ ಅದು ನೇತಾಡುತ್ತಿದೆಯೇ ಎಂದು ಬೀಟ್ ಪೊಲೀಸರು ವರ್ಷಕ್ಕೊಮ್ಮೆ ಹೋಗಿ ನೋಡಿದರೆ ಅದು ನಿಜವಾದ ತಡೆ.

ಗ್ರಾಮ ಪಂಚಾಯಿತಿ ಚುನಾವಣೆ ಬರಲಿದೆ. ತಾಲೂಕು, ಜಿಲ್ಲಾ ಪಂಚಾಯಿತಿಗಳದ್ದು 2021ರಿಂದ ಬಾಕಿಯಿದೆ. ಜಿಲ್ಲಾಡಳಿತ ಈ ಸಲ ಎಲ್ಲ ತಾಲೂಕುಗಳ ಪರವಾನಗಿ ಪಟ್ಟಿಯನ್ನು ಮುಂಚಿತವಾಗಿ ಬಿಚ್ಚಿ ಕೂರಲಿ. ಯಾರ ಕೋವಿ ಬೇಕೋ ಅವರಿಗೆ ಕಾರಣ ಬರೆದು ನೋಟಿಸ್ ಕೊಡಲಿ, ಉಳಿದವರದ್ದನ್ನು ತೋಟದಲ್ಲೇ ಬಿಡಲಿ.