ಎಳೆ ತೆಗೆದ ಬಟ್ಟೆಯ ಸಾಕ್ಷ್ಯ: ಗುಬ್ಬಿ–ಕುಣಿಗಲ್ ಸೀಮೆಯ ಜಾಲರಿ ಕಸೂತಿಯನ್ನು ಕುರಿತು

ಸೂಜಿಯಿಂದಾದ ಅಲಂಕಾರಕ್ಕೆಲ್ಲ ಕಸೂತಿ ಎಂಬ ಒಂದೇ ಹೆಸರನ್ನು ನಾವು ಬಳಸುತ್ತೇವೆ. ಮಾತುಕತೆಗೆ ಇದು ಸಾಕು, ಚರಿತ್ರೆಗೆ ಸಾಲದು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಧಾರವಾಡ ಸೀಮೆಯ ಕಸೂತಿ ಪ್ರಸಿದ್ಧವಾದದ್ದು; ಅದರಲ್ಲಿ ಬಟ್ಟೆಯ ಎಳೆಗಳನ್ನು ಎಣಿಸುವುದುಂಟು, ತೆಗೆಯುವುದಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್‌ಗಳ ಹಳೆಯ ಮನೆಗಳಲ್ಲಿ ಟ್ರಂಕಿನ ತಳದಿಂದ ಹೊರಬರುವ ಮೇಜುವಸ್ತ್ರ, ದಿಂಬಿನ ಗವಸು, ಕೈವಸ್ತ್ರಗಳಲ್ಲಿ ಕಾಣುವ ಕೆಲಸ ಬೇರೆಯದು. ಇಲ್ಲಿ ಎಳೆಯನ್ನು ಕಿತ್ತು ಬಟ್ಟೆಯಲ್ಲಿ ಕಂಡಿ ಬಿಡಿಸಲಾಗುತ್ತದೆ. ಈ ಕೆಲಸದ ಮೂಲವನ್ನು ಕುರಿತು ಹಬ್ಬಿರುವ ಎರಡು ಅಭಿಪ್ರಾಯಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕ್ರಮವನ್ನು ತಿಳಿಯಬೇಕು. ಹೊಕ್ಕಿನ ಐದಾರು ಎಳೆಗಳನ್ನು ಸೂಜಿಮೊನೆಯಿಂದ ಎತ್ತಿ ತೆಗೆದರೆ ಹಾಸಿನ ಎಳೆಗಳು ಮಾತ್ರ ಏಣಿಯ ಮೆಟ್ಟಿಲಿನಂತೆ ಉಳಿಯುತ್ತವೆ. ಅವನ್ನು ಮೂರೋ ನಾಲ್ಕೋ ಸೇರಿಸಿ ಬುಡದಲ್ಲಿ ಬಿಗಿದರೆ ಅಂಚು ಸಿದ್ಧವಾಯಿತು. ಇದು ಸುಲಭದ ಭಾಗ. ಕಷ್ಟವಿರುವುದು ಮೂಲೆಯಲ್ಲಿ. ಎರಡು ಪಟ್ಟಿಗಳು ಕೂಡುವಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಬರಿಯ ಚೌಕಾಕಾರದ ತೂತು. ಅದರ ಅಂಚನ್ನು ಮೊದಲು ಭದ್ರಪಡಿಸಿ, ಹೊಸ ದಾರವನ್ನು ಅಡ್ಡಡ್ಡ ಹಾಯಿಸಿ, ನಡುವೆ ಜೇಡರಬಲೆಯಂತೆ ಸುತ್ತಿ ತುಂಬಬೇಕು. ಕೆಲಸಗಾತಿಯ ಕೈ ಎಂಥದೆಂದು ತಿಳಿಯಲು ನಾನು ಮೂಲೆಯನ್ನೇ ಮೊದಲು ನೋಡುತ್ತೇನೆ. ಲಖನೌ ಚಿಕನ್ ಕೆಲಸದ ಜಾಲಿಯೊಡನೆ ಇದನ್ನು ಬೆರೆಸಬಾರದು. ಅಲ್ಲಿ ಎಳೆಯನ್ನು ಕೀಳದೆ ಬಿಗಿದು ಸರಿಸಿ ಕಂಡಿ ಮಾಡುತ್ತಾರೆ.

ಮೊದಲನೆಯ ಅಭಿಪ್ರಾಯ ಅಭಿಮಾನಿಗಳದು: ಹೊಯ್ಸಳ ದೇವಾಲಯಗಳ ಜಾಲಂಧ್ರವೇ ಈ ಕಸೂತಿಗೆ ಮೂಲವೆಂಬುದು. ತುಮಕೂರಿಗೆ ಸಮೀಪದ ಕೈದಾಳದಲ್ಲಿ 1150ರ ಚೆನ್ನಕೇಶವ ದೇವಾಲಯವೂ ಜಕಣಾಚಾರಿಯ ಐತಿಹ್ಯವೂ ಇರುವುದರಿಂದ ಈ ಮಾತು ನಮ್ಮವರಿಗೆ ಪ್ರಿಯವಾಗಿದೆ. ಆದರೆ ಸಾದೃಶ್ಯವು ಸಂಬಂಧವಲ್ಲ. ಕಲ್ಲಿನಲ್ಲಿ ಕಡಿದು ಉಳಿದದ್ದು ತಾನಾಗಿ ನಿಲ್ಲುತ್ತದೆ. ಬಟ್ಟೆಯಲ್ಲಿ ಕಿತ್ತಮೇಲೆ ಉಳಿದದ್ದನ್ನು ಕಟ್ಟದಿದ್ದರೆ ಬಿಚ್ಚಿಹೋಗುತ್ತದೆ. ಎರಡರ ಸಮಸ್ಯೆಯೇ ಬೇರೆ. ಹನ್ನೆರಡನೆಯ ಶತಮಾನಕ್ಕೂ ಅಜ್ಜಿಯ ಟ್ರಂಕಿಗೂ ನಡುವೆ ಒಂದಾದರೂ ಕೊಂಡಿಯನ್ನು ತೋರಿಸದೆ ವಂಶಾವಳಿ ಬರೆಯುವುದು ಶಾಸನವಿಲ್ಲದೆ ರಾಜವಂಶವನ್ನು ಕಟ್ಟಿದಂತೆ.

ಎರಡನೆಯದು, ಇದೆಲ್ಲ ಮಿಷನರಿಗಳ ಕೊಡುಗೆಯೆಂಬುದು. ಇದಕ್ಕೆ ಹೆಚ್ಚು ಆಧಾರವಿರುವಂತೆ ತೋರುತ್ತದೆ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಗೆ ಬಂದನು; ಎರಡು ವರ್ಷಗಳ ಮೇಲೆ ವಿಲಿಯಂ ಆರ್ಥರ್ ಅಲ್ಲಿಗೆ ಸೇರಿದನು. ಆರ್ಥರನ 'ಎ ಮಿಷನ್ ಟು ದಿ ಮೈಸೂರ್' (1847), ಹಾಡ್ಸನ್ನನ 'ಓಲ್ಡ್ ಡೇನಿಯಲ್' (1877) ಗುಬ್ಬಿಯ ಚರಿತ್ರೆಗೆ ಅಮೂಲ್ಯ ಗ್ರಂಥಗಳು. ಆದರೆ ಅವು ಉಪದೇಶದ ಕಥನಗಳು, ಕರಕುಶಲತೆಯ ದಾಖಲೆಗಳಲ್ಲ. ನಾಗರಕೋವಿಲಿನಲ್ಲಿ ಮಾರ್ಥಾ ಮಾಲ್ಟ್ ಲೇಸ್ ಕೆಲಸ ಕಲಿಸಿದಳೆಂಬುದನ್ನು ಇಲ್ಲಿಗೆ ಅನ್ವಯಿಸುವವರೂ ಉಂಟು. ಲೇಸನ್ನು ದಾರದಿಂದಲೇ ಹೆಣೆಯುತ್ತಾರೆ, ಅದಕ್ಕೆ ನೇಯ್ದ ಬಟ್ಟೆಯೇ ಬೇಡ. ಒಂದರ ಚರಿತ್ರೆ ಇನ್ನೊಂದಕ್ಕೆ ಸಲ್ಲದು.

ಎರಡೂ ಪಕ್ಷಗಳು ಮರೆತಿರುವುದು ಬಟ್ಟೆಯನ್ನು. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಗುಬ್ಬಿಯ ಸಂತೆಯನ್ನು ವರ್ಣಿಸಿದ್ದಾನೆ. ಅವನ ದೃಷ್ಟಿ ವ್ಯಾಪಾರದ ಮೇಲೆ. ಮಾರಾಟಕ್ಕೆ ಬಂದದ್ದು ಲೆಕ್ಕಕ್ಕೆ ಬಂತು. ಮನೆಯಲ್ಲಿ ಹೊಲಿದು ಮನೆಯಲ್ಲೇ ಸವೆದದ್ದು ಬರಲಿಲ್ಲ. ಅಂಥ ಬರಹಗಳ ಮೌನದಿಂದ ಕೆಲಸವೇ ಇರಲಿಲ್ಲವೆಂದು ತೀರ್ಮಾನಿಸುವುದು ಹೆಂಗಸರಿಗೆ ಮಾಡುವ ಅನ್ಯಾಯ. ಆದರೆ ಇನ್ನೊಂದು ಮಿತಿಯುಂಟು. ಎಳೆ ಕೀಳುವ ಕೆಲಸಕ್ಕೆ ಸಮನಾದ ನೂಲು ಬೇಕು. ಕೈನೂಲಿನ ಒರಟು ಬಟ್ಟೆಯಲ್ಲಿ ದಪ್ಪ ತೆಳುವಾದ ಎಳೆ ನಡುವೆ ತುಂಡಾಗುತ್ತದೆ, ಎಣಿಕೆ ತಪ್ಪುತ್ತದೆ. ಆದುದರಿಂದ ಈ ಕಸೂತಿ ಮನೆಮನೆಗೂ ಹಬ್ಬಿದ್ದು ಗಿರಣಿ ಬಟ್ಟೆ ಅಗ್ಗವಾಗಿ ದೊರೆತ ಮೇಲೆಯೇ ಎಂಬುದು ನನ್ನ ಅಭಿಮತ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದ ಬೆಂಗಳೂರಿನ ಗಿರಣಿ ಸ್ಥಾಪಿತವಾದದ್ದೂ ಅದೇ ವರ್ಷ. ಕಲಿಸಿದವರು ಯಾರೇ ಆಗಿರಲಿ, ಕಲಿತದ್ದನ್ನು ನಡೆಸಲು ಬಟ್ಟೆ ಬೇಕಷ್ಟೆ.

ಈ ಮಾತನ್ನು ಪರೀಕ್ಷಿಸಲು ನಮ್ಮ ಜಿಲ್ಲೆಯೇ ಅನುಕೂಲವಾಗಿದೆ. ಗುಬ್ಬಿ ಹತ್ತೊಂಬತ್ತನೆಯ ಶತಮಾನದಲ್ಲೇ ರೈಲಿನ ಊರಾಯಿತು. ಕುಣಿಗಲ್ಲಿನ ಮೂಲಕ ಹಾಸನ–ಬೆಂಗಳೂರು ಮಾರ್ಗ ಪೂರ್ಣಗೊಂಡದ್ದು 2017ರಲ್ಲಿ. ಗುಬ್ಬಿಯ ಮನೆಗಳ ಹಳೆಯ ತುಣುಕುಗಳು ಕುಣಿಗಲ್ಲಿನವಕ್ಕಿಂತ ಒಂದು ತಲೆಮಾರು ಹಿಂದಿನವಾಗಿದ್ದರೆ ನನ್ನ ಊಹೆಗೆ ಬಲ ಬರುತ್ತದೆ; ಎರಡೂ ಸಮಕಾಲೀನವಾಗಿದ್ದರೆ ಶಾಲೆಯ ಹೊಲಿಗೆ ಪಾಠವನ್ನೇ ಕಾರಣವೆನ್ನಬೇಕಾದೀತು. ವಿದ್ಯಾರ್ಥಿಗಳು ಮನೆಯ ಬಟ್ಟೆಯನ್ನು ಬೆಳಕಿಗೆ ಹಿಡಿದು, ಅಂಗುಲಕ್ಕೆ ಎಷ್ಟು ಎಳೆ, ತೆಗೆದದ್ದೆಷ್ಟು, ಮೂಲೆಯನ್ನು ಹೇಗೆ ತುಂಬಿದೆ, ಹೊಲಿದವರು ಎಲ್ಲಿ ಕಲಿತರು ಎಂಬ ನಾಲ್ಕು ವಿವರಗಳನ್ನು ಬರೆದು ತಂದರೆ ಈ ಕೆಲಸ ಆರಂಭವಾಗುತ್ತದೆ. ಬಟ್ಟೆಯ ಹಿಂಬದಿಯನ್ನೂ ನೋಡಬೇಕು. ದಾರವನ್ನು ಎಲ್ಲಿ ಮುಗಿಸಿ ಎಲ್ಲಿ ಮತ್ತೆ ಆರಂಭಿಸಿದ್ದಾರೆಂಬುದು ಅಲ್ಲಿ ಮಾತ್ರ ಕಾಣುತ್ತದೆ.